ಪೇಟಿ ಮುಂದಿನ ಹಬ್ಬ

ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಭತ್ತದ ಕೊಯ್ಲಿನ ಗದ್ದಲ ಇಳಿದಿರುತ್ತದೆ. ಹೊಲದಲ್ಲಿ ಹುಲ್ಲಿನ ಬಣವೆ, ರಸ್ತೆಯ ಅಂಚಿನಲ್ಲಿ ಒಣಹಾಕಿದ ಕಾಳು, ಗಾಳಿ ತುಂಬ ಹೊಟ್ಟಿನ ಧೂಳು. ಮನುಷ್ಯರಿಗೆ ಈ ಧೂಳು ರೂಢಿಯಾಗಿದೆ, ಪೇಟಿಗೆ, ಅಂದರೆ ಹಾರ್ಮೋನಿಯಂಗೆ, ಆಗಿಲ್ಲ. ಹಾಗಾಗಿ ಕ್ರಿಸ್ಮಸ್ಸಿಗೆ ನಾನು ಮಾಡುವ ಮೊದಲ ಸಿದ್ಧತೆ ಪ್ರಾರ್ಥನೆಯಲ್ಲ, ಪೇಟಿಯ ಹೊಟ್ಟೆ ಬಿಚ್ಚುವುದು.

ಮೇಲಿನ ಮುಚ್ಚಳ ತೆಗೆದು, ಬೆರಳೊತ್ತುವ ಮನೆಗಳ ಸಾಲನ್ನು ಎತ್ತಿಟ್ಟರೆ ಕೆಳಗೆ ರೀಡುಗಳು ಕಾಣುತ್ತವೆ. ಒಂದೊಂದೂ ಒಂದು ಹಿತ್ತಾಳೆಯ ನಾಲಿಗೆ. ಬುಡಕ್ಕೆ ಒಂದು ಸಣ್ಣ ಮೊಳೆ, ತುದಿ ಬಿಡುಗಡೆ. ಆ ತುದಿಯ ಕೆಳಗೆ ಭತ್ತದ ಮುಳ್ಳೊಂದು ಸಿಕ್ಕಿಕೊಂಡರೂ ಸಾಕು, ಆ ಸ್ವರ ಮೂಕ. ಚಾಕು ಹಾಕಬಾರದು. ತೆಳುವಾದ ಕಾಗದದ ಪಟ್ಟಿಯನ್ನು ನಾಲಿಗೆಯ ಕೆಳಗೆ ತೂರಿಸಿ ಮೆಲ್ಲಗೆ ಎಳೆಯಬೇಕು. ಸ್ವರ ಇಳಿದಿದ್ದರೆ ತುದಿಯಲ್ಲಿ ಒಂದಿಷ್ಟು ಉಜ್ಜಬೇಕು, ಏರಿದ್ದರೆ ಬುಡದಲ್ಲಿ. ಉಜ್ಜಿದ್ದು ಹೆಚ್ಚಾದರೆ ಆ ರೀಡಿನ ಆಯುಷ್ಯ ಅಲ್ಲಿಗೆ ಮುಗಿಯಿತು, ಗುಜರಾತಿನ ಪಾಲಿಟಾಣಾದಿಂದ ಬರುವ ಹೊಸ ರೀಡಿಗೆ ದುಡ್ಡು ಹೊಂದಿಸಬೇಕು. ಆಮೇಲೆ ತಿದಿಯ ಮಡಿಕೆಗಳನ್ನು ದೀಪಕ್ಕೆ ಹಿಡಿದು ಇಲಿ ಕಚ್ಚಿದ ತೂತು ಹುಡುಕುವುದು, ಅದಕ್ಕೆ ತೆಳು ಚರ್ಮದ ತೇಪೆ ಹಚ್ಚುವುದು. ಈ ಕೆಲಸಕ್ಕೆ ಒಂದು ಮಧ್ಯಾಹ್ನ ಪೂರ್ತಿ ಬೇಕು. ಅಷ್ಟು ಹೊತ್ತೂ ಯಾರೂ ಮಾತಾಡಿಸಬಾರದು ಎಂಬುದು ನನ್ನ ಆಸೆ. ನಮ್ಮ ಊರು ವಳಕಮದಿನ್ನಿಯಲ್ಲಿ ಅದು ಎಂದೂ ಈಡೇರಿದ್ದಿಲ್ಲ.

ಪೇಟಿ ನಮ್ಮದೇ ವಾದ್ಯ ಎಂದು ಊರಲ್ಲಿ ಎಲ್ಲರ ನಂಬಿಕೆ. ಅದು ಹುಟ್ಟಿದ್ದು ಪ್ಯಾರಿಸಿನಲ್ಲಿ. ಅಲೆಕ್ಸಾಂಡ್ರ್ ದೆಬೆನ್ ಎಂಬವನು 1842ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಕುರ್ಚಿಯ ಮೇಲೆ ಕೂತು ಕಾಲಿನಿಂದ ತುಳಿದು ನುಡಿಸುವ ಆ ವಾದ್ಯವನ್ನು ಮಿಷನರಿಗಳು ಚರ್ಚಿನ ಹಾಡುಗಳಿಗೆಂದು ಹಡಗಿನಲ್ಲಿ ತಂದರು. ಕಲ್ಕತ್ತದ ದ್ವಾರಕಾನಾಥ ಘೋಷ್ ಅದನ್ನು ನೆಲಕ್ಕಿಳಿಸಿ, ಕಾಲಿನ ಕೆಲಸವನ್ನು ಎಡಗೈಗೆ ಒಪ್ಪಿಸಿದ. ಅಲ್ಲಿಂದ ಮುಂದೆ ಬಹಳ ಕಾಲ ಅದು ಚರ್ಚಿನ ಕೈಗೆ ಸಿಗಲಿಲ್ಲ. ನಾಟಕ ಕಂಪನಿಗಳು ಎತ್ತಿಕೊಂಡು ಹೋದವು, ಬಯಲಾಟದ ಮಾಸ್ತರರು ಹೆಗಲಿಗೇರಿಸಿದರು, ಮಠಗಳ ಭಜನೆಯಲ್ಲಿ ಕೂತಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಹುಡುಗರ ಬೆರಳುಗಳು ಅದರ ಮೇಲೆ ಓಡಾಡಿದವು. ನಮ್ಮ ಹಳ್ಳಿಗಳ ಚರ್ಚಿಗೆ ಮರಳಿ ಬರುವಷ್ಟರಲ್ಲಿ ಪೇಟಿ ಭೀಮಪಲಾಸ, ಭೈರವಿಗಳನ್ನು ಕಲಿತು, ರಂಗಗೀತೆಗಳ ಖಯಾಲಿ ಹತ್ತಿಸಿಕೊಂಡು, ಪೂರಾ ನಮ್ಮ ಸೀಮೆಯದಾಗಿತ್ತು.

ಪಂಡಿತರಿಗೆ ಇದರ ಮೇಲೆ ಸಿಟ್ಟಿತ್ತು. ಗಮಕ ಬಾರದು, ಸ್ವರದಿಂದ ಸ್ವರಕ್ಕೆ ಜಾರಲು ಆಗದು ಎಂಬುದು ಅವರ ದೂರು. ರವೀಂದ್ರನಾಥ ಠಾಕೂರರಿಗೂ ಇದು ಹಿಡಿಸಿರಲಿಲ್ಲ. ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗೆ ಹಾಕಿತು. ಆ ನಿರ್ಬಂಧ ಸಡಿಲವಾದದ್ದು 1971ರಲ್ಲಿ. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರು ಇದೇ ವಾದ್ಯವನ್ನು ಜೀವಮಾನವಿಡೀ ನುಡಿಸಿ ಮರ್ಯಾದೆ ಗಳಿಸಿಕೊಟ್ಟರು ಎನ್ನುವುದು ಬೇರೆ ಮಾತು. ಪಂಡಿತರ ದೂರು ಸುಳ್ಳಲ್ಲ. ಆದರೆ ದಿನವೆಲ್ಲ ಹತ್ತಿ ಬಿಡಿಸಿ ಬಂದ ಹೆಂಗಸರು, ಬೆಂಗಳೂರಿಗೆ ಗುಳೆ ಹೋಗಿ ಹಬ್ಬಕ್ಕೆಂದು ತಿರುಗಿ ಬಂದ ಹುಡುಗರು, ಅರ್ಧ ನಿದ್ದೆಯ ಮಕ್ಕಳು ಒಟ್ಟಿಗೆ ಹಾಡುವ ಕಡೆ ಜಾರುವ ಸ್ವರಕ್ಕಿಂತ ಇದ್ದಲ್ಲೇ ಇರುವ ಸ್ವರ ಲೇಸು. ಹಾದಿ ಬಿಟ್ಟು ಹೋದವರು ಅದನ್ನು ಹಿಡಿದುಕೊಂಡು ವಾಪಸು ಬರಬಹುದು.

ಭಜನೆಯ ರಾತ್ರಿಯಲ್ಲಿ ಮೊದಲ ಜಗಳ ಶ್ರುತಿಯದು. ಗಂಡಸರಿಗೆ ಕಪ್ಪು ಮನೆ ಒಂದು ಹಿತ, ಹೆಂಗಸರಿಗೆ ಕಪ್ಪು ನಾಲ್ಕು. ನಾನು ನಡುವೆ ಎಲ್ಲೋ ಷಡ್ಜ ಹಿಡಿಯುತ್ತೇನೆ. "ಮಾಸ್ತರ್ರೇ, ಒಂಚೂರು ಏರಿಸ್ರಿ, ಬಾವ್ಯಾಗಿಂದ ಹಾಡಿದಂಗ ಆಗ್ತದ" ಎಂದು ಚಾಪೆಯ ಆ ಕಡೆಯಿಂದ ಕೂಗು. ಏರಿಸಿದರೆ ಈ ಕಡೆಯ ಮುದುಕರು ಕೆಮ್ಮುತ್ತಾರೆ. ಎರಡು ಪದ ಮುಗಿಯುವ ಹೊತ್ತಿಗೆ ಹೇಗೋ ಒಂದು ಒಪ್ಪಂದ ಆಗಿರುತ್ತದೆ. ಒಬ್ಬರು ನುಡಿ ಹೇಳುತ್ತಾರೆ, ಉಳಿದವರು ಪಲ್ಲ ಹಿಡಿಯುತ್ತಾರೆ; ತಬಲಾದವನು ಭಜನಿ ಠೇಕಾ ಬಿಟ್ಟು ದುಪ್ಪಟ್ಟಿಗೆ ಹಾರುತ್ತಾನೆ; ತಾಳದವರು ಅವನನ್ನು ಬೆನ್ನಟ್ಟುತ್ತಾರೆ. ನೋಡುವವರ ಕಣ್ಣು ನನ್ನ ಬಲಗೈ ಮೇಲೆ. ಕೆಲಸ ನಡೆಯುವುದು ಎಡಗೈಯಲ್ಲಿ. ಬೆರಳು ಎಷ್ಟೇ ಚುರುಕಾಗಿದ್ದರೂ ತಿದಿಗೆ ಗಾಳಿ ಇಲ್ಲದಿದ್ದರೆ ಪೇಟಿ ಬರೀ ಮರದ ಡಬ್ಬಿ. ನಡುರಾತ್ರಿ ದಾಟಿದ ಮೇಲೆ ಮೊಣಕೈಯಿಂದ ಭುಜದವರೆಗೆ ನೋವು ಹತ್ತುತ್ತದೆ. ಆಗಲೇ ಪದ ಏರುವುದು. ಕೈ ನೋಯುತ್ತಿದೆ, ಮನಸ್ಸು ಹಗುರಾಗುತ್ತಿದೆ. ಎರಡಕ್ಕೂ ಕಾರಣ ಒಂದೇ. ಇದನ್ನು ನಾನು ಯಾವ ಪ್ರಸಂಗದಲ್ಲೂ ಕೇಳಿ ತಿಳಿದದ್ದಲ್ಲ.

ಸಂತೋಷ ಮೊದಲು ಬರಬೇಕು, ಆಮೇಲೆ ಹಾಡು ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಹಾಗೆ ಕಾಯುತ್ತಾ ಕೂತರೆ ಹಬ್ಬವೇ ನಡೆಯದು. ಕಾಲುವೆಯ ನೀರು ಕೊನೆಯ ಹೊಲ ಮುಟ್ಟದ ವರ್ಷ, ಹತ್ತಿಯ ದರ ಬಿದ್ದ ವರ್ಷ, ಸಾಲದವನು ಬಾಗಿಲಿಗೆ ಬಂದ ವರ್ಷ, ಒಂದಲ್ಲ ಒಂದು ಇದ್ದೇ ಇರುತ್ತದೆ. ರಿಚರ್ಡ್ ಫಾಸ್ಟರ್ ಎಂಬ ಅಮೆರಿಕದ ಕ್ವೇಕರ್ ಲೇಖಕ 1978ರಲ್ಲಿ ಕ್ರೈಸ್ತ ಸಾಧನೆಗಳ ಬಗ್ಗೆ ಒಂದು ಪುಸ್ತಕ ಬರೆದ. ಧ್ಯಾನ, ಪ್ರಾರ್ಥನೆ, ಉಪವಾಸ ಎಂದು ಹನ್ನೆರಡನ್ನು ಹೇಳುತ್ತಾ ಹೋಗಿ ಕಟ್ಟಕಡೆಗೆ ಸಂಭ್ರಮವನ್ನಿಟ್ಟ. ನಾನಾಗಿದ್ದರೆ ಅದನ್ನು ಮುಂದಕ್ಕೆ ತರುತ್ತಿದ್ದೆ. ಉಪವಾಸವನ್ನು ನಮ್ಮ ಸೀಮೆಗೆ ಯಾರೂ ಬಂದು ಕಲಿಸಬೇಕಾಗಿಲ್ಲ, ಬರಗಾಲ ಚೆನ್ನಾಗಿಯೇ ಕಲಿಸಿದೆ. ಕಲಿಯಬೇಕಾದದ್ದು ಸಂಭ್ರಮ.

ಅದನ್ನು ಕಂಡು ಹೆದರಿದ ಕ್ರೈಸ್ತರೂ ಇದ್ದರು. ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಕ್ರಿಸ್ಮಸ್ ಹಬ್ಬವನ್ನೇ ರದ್ದು ಮಾಡಿತು; ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1659ರಿಂದ ಹಬ್ಬ ಆಚರಿಸಿದವರಿಗೆ ಐದು ಶಿಲಿಂಗ್ ದಂಡ. ಆ ಜನರೂ ಬೈಬಲ್ಲು ಓದಿದವರೇ. ಆದರೆ ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರ ಕೇಳಿ ಅಳುತ್ತಿದ್ದ ಜನರಿಗೆ, ಅಳಬೇಡಿ, ಹೋಗಿ ಉಂಡು ಕುಡಿಯಿರಿ, ಏನೂ ಇಲ್ಲದವರ ಮನೆಗೂ ಪಾಲು ಕಳಿಸಿ ಎಂದು ಅಪ್ಪಣೆಯಾಗಿದೆ. ಅಪ್ಪಣೆ ಎಂಬುದನ್ನು ಗಮನಿಸಬೇಕು. ತಪ್ಪಿಹೋದ ಮಗನ ಸಾಮ್ಯದಲ್ಲಿ ಎಲ್ಲರೂ ಕಿರಿಯವನನ್ನು ನೆನೆಯುತ್ತಾರೆ. ನನ್ನ ಕಣ್ಣು ಹಿರಿಯನ ಮೇಲೆ. ಹೊಲದಿಂದ ಬರುತ್ತಾ ಮನೆಯೊಳಗಿನ ವಾದ್ಯ, ಕುಣಿತದ ಸದ್ದು ಕೇಳಿ ಅವನು ಒಳಗೆ ಬರಲೊಲ್ಲೆ ಎನ್ನುತ್ತಾನೆ. ಪಾಪ, ದುಡಿದು ದಣಿದವನು. ಅವನ ಮಾತಿನಲ್ಲಿ ನ್ಯಾಯವೂ ಇದೆ. ನಮ್ಮ ಭಜನೆಯಲ್ಲೂ ಅಂಥವರೊಬ್ಬರು ಬಾಗಿಲ ಹೊರಗೆ ಬೀಡಿ ಸೇದುತ್ತಾ ನಿಂತಿರುತ್ತಾರೆ. ಅವರಿಗೆ ಕೇಳಲಿ ಎಂದೇ ಬಾಗಿಲು ಹಾಕುವುದಿಲ್ಲ.

ಹಲಗೆ ಎಂಬ ಚರ್ಮವಾದ್ಯದ ಸಂಗತಿ ಹೇಳದಿದ್ದರೆ ಇದೆಲ್ಲ ಅರ್ಧವೇ. ನಮ್ಮ ಸೀಮೆಯಲ್ಲಿ ಹಲಗೆ ಬಾರಿಸುವುದು ಒಂದು ಕೇರಿಯ ಮೇಲೆ ಊರು ಹೊರಿಸಿದ ಬಿಟ್ಟಿ ಚಾಕರಿಯಾಗಿತ್ತು. ಸಾವಿಗೆ ಬಾರಿಸು, ಡಂಗುರಕ್ಕೆ ಬಾರಿಸು, ದೂರದಲ್ಲಿ ನಿಂತು ಬಾರಿಸು. ಆ ಕೇರಿಯಿಂದಲೇ ಚರ್ಚಿಗೆ ಬಂದ ಹಿರಿಯರು ಹಲಗೆಯನ್ನು ಹೊಸಿಲಾಚೆ ಬಿಟ್ಟು ಬಂದರು, ತಿರುಗಿ ನೋಡಲಿಲ್ಲ. ಅದು ಸರಿಯಾಗಿಯೇ ಇತ್ತು. ಮೊಮ್ಮಕ್ಕಳ ಕಾಲಕ್ಕೆ ಲೆಕ್ಕ ಬದಲಾಯಿತು. ಕಾಲೇಜಿಗೆ ಹೋಗುವ ಹುಡುಗರು ಒಂದು ಕ್ರಿಸ್ಮಸ್ಸಿಗೆ ಹಲಗೆ ಕಾಯಿಸಿ ತಂದು ಬಾಗಿಲಲ್ಲಿ ನಿಂತರು. "ಯಾರ ಹೇಳಿದ್ರು ಇದನ್ನ ತರಾಕ?" ಎಂದು ಒಬ್ಬ ಅಜ್ಜ ಗದರಿದ. "ಯಾರೂ ಹೇಳಿಲ್ಲ ಯಜ್ಜಾ, ಅದಕ್ಕ ತಂದೀವಿ" ಎಂದ ಒಬ್ಬ. ಪಾಸ್ಟರ್ ಅತ್ತ ಇತ್ತ ನೋಡಿದರು. ನಾನು ತಿದಿ ಬಿಚ್ಚಿ ಷಡ್ಜ ಹಿಡಿದೆ. ಕೀರ್ತನೆಗಳ ಗ್ರಂಥದ ಕಡೆಯ ಕೀರ್ತನೆಯಲ್ಲಿ ಕೊಂಬು, ವೀಣೆ, ಕೊಳಲು, ದಮ್ಮಡಿ, ತಾಳ ಎಂದು ವಾದ್ಯಗಳ ಮೆರವಣಿಗೆಯೇ ಇದೆ. ಹಲಗೆಗೆ ಅಲ್ಲಿ ಜಾಗ ಇಲ್ಲವೆನ್ನಲು ನನಗಂತೂ ಬಾಯಿ ಬರಲಿಲ್ಲ. ಮೊದಲ ಪೆಟ್ಟು ಬಿದ್ದಾಗ ಚರ್ಚಿನ ತಗಡು ನಡುಗಿತು. ಅಜ್ಜ ಪದ ಮುಗಿಯುವವರೆಗೂ ಮುಖ ಸಡಿಲಿಸಲಿಲ್ಲ, ಆದರೆ ಅವನ ಬಲಗೈ ಬೆರಳು ತೊಡೆಯ ಮೇಲೆ ಏಟು ತಪ್ಪದೆ ಕುಟ್ಟುತ್ತಿತ್ತು. ಎಲ್ಲಿ ಬೀಳಬೇಕೋ ಅಲ್ಲೇ.

ಕನ್ನಡದ ಕ್ರೈಸ್ತ ಹಾಡಿಗೆ ಈ ನೆಲದ ನಡೆ ಬೇಕು ಎಂದು ಮೊದಲು ಅನ್ನಿಸಿದವರಲ್ಲಿ ಫರ್ಡಿನೆಂಡ್ ಕಿಟೆಲ್ ಒಬ್ಬರು. 1894ರ ನಿಘಂಟಿನಿಂದ ಅವರನ್ನು ಬಲ್ಲವರು ಬಹಳ. ಅದಕ್ಕೂ ಮೂವತ್ತೆರಡು ವರ್ಷ ಮೊದಲು, 1862ರಲ್ಲಿ, ಅವರು ಯೇಸುವಿನ ಚರಿತ್ರೆಯನ್ನು ದೇಸಿ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಹಾಡುಗಟ್ಟಿದ್ದರು. ಕ್ಯಾಥೊಲಿಕರಿಗೆ ಲ್ಯಾಟಿನ್ ಬಿಟ್ಟು ತಮ್ಮ ಭಾಷೆಯಲ್ಲಿ ಪೂಜೆ ನಡೆಸುವ ದಾರಿ ತೆರೆದದ್ದು ಎರಡನೆಯ ವ್ಯಾಟಿಕನ್ ಸಭೆಯ 1963ರ ನಿರ್ಣಯದಿಂದ. ನಮ್ಮ ಕಡೆಯ ಮಾತಿಗೆ ಬಂದರೆ, ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಕ್ರೈಸ್ತರ ನೆಲೆ ಆದಿಲ್‌ಶಾಹಿ ಕಾಲದಷ್ಟು ಹಳೆಯದು. ಅದೇ ಮುದಗಲ್ಲಿನ ಮೊಹರಂ ನಾಡಿಗೆಲ್ಲ ಗೊತ್ತು, ಅದಕ್ಕೆ ಎಲ್ಲ ಜಾತಿಯವರೂ ಸೇರುತ್ತಾರೆ. ಮೊಹರಂ ಪದಗಳ ಹೆಜ್ಜೆಯ ಲಯ ನಮ್ಮ ಕ್ರಿಸ್ಮಸ್ ಪದಕ್ಕೆ ಇಳಿದು ಬಂದಾಗ ನಾನು ತಡೆಯುವುದಿಲ್ಲ. ತಡೆದರೂ ಹುಡುಗರು ಕೇಳುವುದಿಲ್ಲ.

ಇಪ್ಪತ್ನಾಲ್ಕರ ಸಂಜೆ ಮನೆಮನೆಗೆ ಹೋಗುತ್ತೇವೆ. ಪೇಟಿಗೆ ಹಗ್ಗ ಕಟ್ಟಿ ಕೊರಳಿಗೆ ಹಾಕಿಕೊಂಡರೆ ನಡೆಯುತ್ತಲೇ ನುಡಿಸಬಹುದು. ಸಾವಾದ ಮನೆಗೆ ಆ ವರ್ಷ ಹಬ್ಬವಿಲ್ಲ, ಅಲ್ಲಿ ಒಲೆಗೆ ಎಣ್ಣೆಯ ಬಾಣಲೆ ಏರುವುದಿಲ್ಲ. ಅಂಥ ಮನೆಯ ಮುಂದೆ ಸದ್ದಿಲ್ಲದೆ ದಾಟುವುದು ರೂಢಿ. ಒಂದು ಸಲ ಹಾಗೆ ದಾಟುವಾಗ ಒಳಗಿನಿಂದ ಆ ಮನೆಯವ್ವ ಬಂದು ಕಟ್ಟೆಯ ಮೇಲೆ ನಿಂತಳು. ಮಗನನ್ನು ಕಳಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವನು ನಮ್ಮಲ್ಲೇ ದಮ್ಮಡಿ ಬಾರಿಸುತ್ತಿದ್ದವನು. "ನಮ್ಮನಿ ಬಿಟ್ಟು ಹೊಂಟ್ರೇನು? ಅವ ಇದ್ದಾಗ ಬರತಿದ್ರಿ" ಎಂದಳು. ಯಾರಿಗೂ ಏನು ಹಾಡಬೇಕೆಂದು ತಿಳಿಯಲಿಲ್ಲ. ದುಃಖದ ಪದ ಎತ್ತಿದರೆ ಗದರಿಸಿಯಾಳು ಎನ್ನಿಸಿ, ಅವನಿಗೆ ಇಷ್ಟವಾಗಿದ್ದ ಕುಣಿಯುವ ಪದವನ್ನೇ ಎತ್ತಿದೆ. ಅವಳು ಒಳಗೆ ಹೋಗಿ ಗೂಟಕ್ಕೆ ತೂಗುಹಾಕಿದ್ದ ದಮ್ಮಡಿ ತಂದು ಪಕ್ಕದ ಹುಡುಗಿಯ ಕೈಗೆ ಕೊಟ್ಟಳು, ಧೂಳನ್ನು ಸೆರಗಿನಿಂದ ಒರೆಸಿ. ಪದ ಮುಗಿದ ಮೇಲೆ ಎಲ್ಲರಿಗೂ ಬೆಲ್ಲ ಹಂಚಿದಳು, ಬೇರೆ ಏನೂ ಮಾಡಿರಲಿಲ್ಲವಲ್ಲ. ಪೌಲ, ಸೀಲರು ಫಿಲಿಪ್ಪಿಯ ಸೆರೆಮನೆಯಲ್ಲಿ ಕಾಲಿಗೆ ಕೋಳ ಹಾಕಿಸಿಕೊಂಡು ನಡುರಾತ್ರಿ ಹಾಡಿದ ಕಥೆಯನ್ನು ಆ ವರ್ಷ ಪಾಸ್ಟರ್ ಓದಿದಾಗ ನನಗೆ ಆ ಕಟ್ಟೆಯೇ ಕಣ್ಣಿಗೆ ಬಂತು.

ಈಗಿನ ತಕರಾರು ಕೀಬೋರ್ಡಿನದು. ಹುಡುಗರು ಸಿಂಧನೂರಿನಿಂದ ಬಾಡಿಗೆಗೆ ತರುತ್ತಾರೆ. ಒಂದು ಗುಂಡಿ ಒತ್ತಿದರೆ ಢೋಲಕ್, ಇನ್ನೊಂದು ಒತ್ತಿದರೆ ಪಿಟೀಲು. ನನ್ನ ಆಕ್ಷೇಪ ಅದರ ಸ್ವರದ ಮೇಲಲ್ಲ, ಅದರ ತಾಳದ ಮೇಲೆ. ಹಲ್ಲಿಲ್ಲದ ಅಜ್ಜಿ ನುಡಿಯ ನಡುವೆ ಉಸಿರಿಗೆ ನಿಂತರೆ ನಾನು ತಿದಿಯನ್ನು ನಿಧಾನಿಸಿ ಅವಳಿಗಾಗಿ ಕಾಯಬಲ್ಲೆ. ಆ ಯಂತ್ರ ಅವಳನ್ನು ಬಿಟ್ಟು ಮುಂದೆ ಹೋಗಿಬಿಡುತ್ತದೆ. ಇದನ್ನು ಹೇಳಿದ್ದಕ್ಕೆ ಹುಡುಗರು ನಕ್ಕರು, ಆಮೇಲೆ ಕೂತು ಚರ್ಚೆ ಮಾಡಿದರು. ಈ ವರ್ಷಕ್ಕೆ ಆದ ತೀರ್ಮಾನ ಇದು: ಕೀಬೋರ್ಡು ಬರುತ್ತದೆ, ಅದರ ತಾಳ ಬಂದ್ ಇರುತ್ತದೆ, ಹಲಗೆ ಇದ್ದೇ ಇರುತ್ತದೆ, ಶ್ರುತಿ ಮಾತ್ರ ಅವರು ಹೇಳಿದಂತೆ ಕಪ್ಪು ಎರಡು. ಹೆಂಗಸರನ್ನು ಇನ್ನೂ ಯಾರೂ ಕೇಳಿಲ್ಲ.