ಕೇಬಲ್ಲೋ ಓಟಿಟಿಯೋ: ಮೆಹದಿಪಟ್ಟಣಂ ಟಿಪ್ಪಣಿಗಳು

*

ಹೈದರಾಬಾದಿನ ಪಿವಿಎನ್‌ಆರ್ ಎಕ್ಸ್‌ಪ್ರೆಸ್‌ವೇ ಇಲ್ಲಿಂದಲೇ ಶುರು. ವಿಳಾಸ ಕೇಳಿದರೆ ಜನ ಪಿಲ್ಲರ್ ನಂಬರು ಹೇಳುತ್ತಾರೆ. ಪಕ್ಕದ ಗಲ್ಲಿಗೆ ಇಳಿದರೆ ಕರೆಂಟು ಕಂಬಗಳಲ್ಲಿ ಕಪ್ಪು ತಂತಿಯ ಸುರುಳಿ ಮೇಲೆ ಸುರುಳಿ. ಯಾವುದು ಟೀವಿಯದು, ಯಾವುದು ಇಂಟರ್‌ನೆಟ್ಟಿನದು ಎಂದು ಕೆಳಗೆ ನಿಂತು ಹೇಳಲಾಗದು. ‘ಕೇಬಲ್ ತೆಗೆಸಿದೆವು, ಈಗ ಬರೀ ಓಟಿಟಿ’ ಎನ್ನುವ ಮನೆಗೂ ಒಂದು ತಂತಿ ಬಂದೇ ಇದೆ. ಎಷ್ಟೋ ಕಡೆ ವಸೂಲಿಗೆ ಬರುವ ಮನುಷ್ಯನೂ ಹಳೆಯ ಕೇಬಲ್ಲಿನವನೇ, ರಸೀದಿ ಬೇರೆ. ಓಟಿಟಿ ಲೆಕ್ಕ ಹೇಳುವವರು ವೈಫೈ ಬಿಲ್ಲನ್ನು ಅದರಲ್ಲಿ ಯಾಕೆ ಸೇರಿಸುವುದಿಲ್ಲ?

*

ಕೇಬಲ್ ಲೆಕ್ಕ ಸಲೀಸು. 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ದರಪದ್ಧತಿಯಲ್ಲಿ ಸಂಪರ್ಕ ಶುಲ್ಕ ತಿಂಗಳಿಗೆ ಹೆಚ್ಚೆಂದರೆ 130 ರೂಪಾಯಿ ಇತ್ತು. ಪ್ಯಾಕಿಗೆ ಸೇರುವ ಚಾನೆಲ್ಲಿನ ಬೆಲೆ 19 ದಾಟುವಂತಿಲ್ಲ. ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ, ಉದಯ ನಾಲ್ಕಕ್ಕೂ ಪೂರಾ 19 ಹಿಡಿದರೂ 76. ಒಟ್ಟು 206. ಶೇ. 18 ಜಿಎಸ್‌ಟಿ ಕೂಡಿಸಿದರೆ 243 ರೂಪಾಯಿ 8 ಪೈಸೆ. ಪೈಸೆ ಸಮೇತ ಹೊಂದುವ ಲೆಕ್ಕ.

*

ಆದರೆ ಈ ಊರಿನಲ್ಲಿ ಕನ್ನಡದವರಿಗೆ ಒಂದು ತೊಡಕು. ಬೀದರ ಕಡೆಯ ಒಂದು ಮನೆ. ಅತ್ತೆಗೆ ಧಾರಾವಾಹಿ ಬೇಕು. ಇಲ್ಲಿನ ಪ್ಯಾಕೆಲ್ಲ ತೆಲುಗಿನದು. ‘ಕನ್ನಡಾ ಅಲಗ್ ಪಡ್ತಾ ಅಮ್ಮಾ’ ಎಂದ ಕೇಬಲ್ಲಿನವ. ‘ನಮ್ಮೂರಾಗ ಹಂಗೇ ಬರ್ತಿತ್ತಲ್ಲಪಾ’ ಎಂದರು ಅತ್ತೆ. ಬೀದರದಲ್ಲಿ ಪ್ಯಾಕಿನೊಳಗೆ ಸೋವಿಗೆ ಬರುವ ಚಾನೆಲ್ಲು ಗಡಿ ದಾಟಿದೊಡನೆ ಬಿಡಿ ಸಾಮಾನಾಗುತ್ತದೆ. 19 ರೂಪಾಯಿಯದಾದರೆ ತೆರಿಗೆ ಸೇರಿ 22 ರೂಪಾಯಿ 42 ಪೈಸೆ.

*

ಓಟಿಟಿಯಲ್ಲಿ ಹೆಚ್ಚಾಗಿ ಈ ಭೇದವಿಲ್ಲ. ಒಂದೇ ಚಂದಾಕ್ಕೆ ತೆಲುಗು, ಕನ್ನಡ, ಮಲಯಾಳ ಎಲ್ಲ. ಸೊಸೆ ಅದನ್ನೇ ಹೇಳಿ ಅತ್ತೆಯನ್ನು ಒಪ್ಪಿಸಿದಳು. ಆಮೇಲೆ ಇನ್ನೊಂದು ತೊಡಕು: ಕಲರ್ಸ್, ಸುವರ್ಣ ಜಿಯೋಹಾಟ್‌ಸ್ಟಾರ್‌ನಲ್ಲಿ, ಜೀ ಕನ್ನಡ ಜೀ5ರಲ್ಲಿ, ಉದಯ ಸನ್ ನೆಕ್ಸ್ಟ್‌ನಲ್ಲಿ. ಕೇಬಲ್ ಭಾಷೆ ನೋಡಿ ಕಾಸು ಕೇಳುತ್ತಿತ್ತು, ಇದು ಮಾಲೀಕರನ್ನು ನೋಡಿ ಕೇಳುತ್ತದೆ. ಅತ್ತೆಗೆ ಧಾರಾವಾಹಿಯ ಸೊಸೆಯಂದಿರ ಹೆಸರೆಲ್ಲ ಗೊತ್ತು, ಚಾನೆಲ್ಲಿನ ಯಜಮಾನ ಯಾರೆಂದು ಗೊತ್ತಿಲ್ಲ. ಗೊತ್ತಿರಬೇಕಾದ ಕಾಲ ಬಂದಿದೆ.

*

ಮಾಲೀಕರೂ ನಿಂತಲ್ಲಿ ನಿಲ್ಲುವುದಿಲ್ಲ. ಕಲರ್ಸ್ ಧಾರಾವಾಹಿಗಳು ಮೊದಲು ವೂಟ್‌ನಲ್ಲಿದ್ದವು. 2023ರಲ್ಲಿ ವೂಟ್ ಜಿಯೋಸಿನಿಮಾದಲ್ಲಿ ಕರಗಿತು. 2025ರ ಫೆಬ್ರವರಿ 14ರಂದು ಜಿಯೋಸಿನಿಮಾ, ಡಿಸ್ನಿ+ ಹಾಟ್‌ಸ್ಟಾರ್ ಎರಡೂ ಸೇರಿ ಜಿಯೋಹಾಟ್‌ಸ್ಟಾರ್ ಆದವು. ನೋಡುವವರು ಸೋಫಾ ಬಿಟ್ಟು ಏಳದೆಯೇ ಎರಡು ಸಲ ಮನೆ ಬದಲಿಸಿದ ಹಾಗಾಯಿತು.

*

ಹೊಸ ಆ್ಯಪ್ ಬಂದಾಗ ಜಾಹೀರಾತು ಸಹಿತದ ಸೂಪರ್ ಪ್ಲಾನಿಗೆ ಮೂರು ತಿಂಗಳಿಗೆ 299 ರೂಪಾಯಿ. ತಿಂಗಳಿಗೆ ನೂರರ ಲೆಕ್ಕ, ಅಗ್ಗವೇ. ಆದರೆ ಬಿಗ್ ಬಾಸ್ ಕನ್ನಡದ 11ನೇ ಸೀಸನ್ ನಡೆದದ್ದು 2024ರ ಸೆಪ್ಟೆಂಬರ್ 29ರಿಂದ 2025ರ ಜನವರಿ 26ರವರೆಗೆ, ಹತ್ತಿರ ಹತ್ತಿರ ನಾಲ್ಕು ತಿಂಗಳು. ಅಂಥ ಆಟಕ್ಕೆ ಮೊದಲ ದಿನವೇ ಮೂರು ತಿಂಗಳ ಚಂದಾ ಕಟ್ಟಿದರೆ ಫಿನಾಲೆ ಹೊತ್ತಿಗೆ ಮತ್ತೆ ಕಟ್ಟಬೇಕು. ಇದು ಕಾಕತಾಳೀಯವೇ ಇರಬಹುದು.

*

ಕೇಬಲ್ಲು ಟೀವಿಗಳನ್ನು ಎಣಿಸುತ್ತದೆ, ತಲೆ ಎಣಿಸುವುದಿಲ್ಲ. ಒಂದು ಟೀವಿ ಮುಂದೆ ಹತ್ತು ಜನ ಕೂತರೂ ಅದೇ ದರ. ಓಟಿಟಿಗೆ ಪರದೆಯ ಲೆಕ್ಕ. 2021ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ದರ ಇಳಿಸಿದಾಗ ಮೊಬೈಲಿಗೆ 149, ಟೀವಿಯಲ್ಲೂ ನೋಡಲು ಕನಿಷ್ಠ 199, ಒಟ್ಟಿಗೆ ಎರಡು ಪರದೆಗೆ 499. ಪಾಸ್‌ವರ್ಡನ್ನು ಬೇರೆ ಮನೆಯವರಿಗೆ ಕೊಡುವುದಕ್ಕೂ 2023ರ ಜುಲೈಯಲ್ಲಿ ಕಡಿವಾಣ ಬಿತ್ತು. ಅಕ್ಕಪಕ್ಕದವರು ಬಂದು ಕೂತು ನೋಡುವುದಕ್ಕೆ ಮಾತ್ರ ಇನ್ನೂ ದರ ನಿಗದಿಯಾಗಿಲ್ಲ.

*

2025ರ ಆಗಸ್ಟ್. ರಾಮಂತಾಪುರದಲ್ಲಿ ಕೃಷ್ಣಾಷ್ಟಮಿ ಮೆರವಣಿಗೆಯ ರಥಕ್ಕೆ ಕರೆಂಟು ತಗುಲಿ ಐವರು ಸತ್ತರು. ಅದರ ಬೆನ್ನಿಗೇ ವಿದ್ಯುತ್ ಇಲಾಖೆ ನಗರದ ಕಂಬಗಳ ಮೇಲಿನ ತಂತಿ ಕತ್ತರಿಸಲು ಇಳಿಯಿತು. ವಿಷಯ ಹೈಕೋರ್ಟಿಗೂ ಹೋಯಿತು. ಕತ್ತರಿಗೆ ಕೇಬಲ್ಲು, ಫೈಬರು ಎಂಬ ಭೇದವಿಲ್ಲ. ಇಷ್ಟು ವರ್ಷ ಈ ಮನರಂಜನೆ ಅಗ್ಗಕ್ಕೆ ಬಂದದ್ದರಲ್ಲಿ ಕರೆಂಟು ಕಂಬದ ಪಾಲೂ ಇತ್ತು. ಆ ಬೆಲೆ ಯಾವ ಬಿಲ್ಲಿನಲ್ಲೂ ಕಾಣಿಸುವುದಿಲ್ಲ.

*

ಜನ ಟೀವಿ ಚಂದಾ ಬಿಟ್ಟು ಸರಿಯುತ್ತಿರುವುದೇನೋ ನಿಜ. ಟ್ರಾಯ್ ಅಂಕಿಗಳ ಪ್ರಕಾರ 2024ರ ಮಾರ್ಚಿನಲ್ಲಿ ಸುಮಾರು 6.2 ಕೋಟಿ ಇದ್ದ ಡಿಟಿಎಚ್ (ಮನೆ ಮೇಲಿನ ಡಿಶ್ಶಿನ) ಚಂದಾದಾರರು ಒಂದೇ ವರ್ಷದಲ್ಲಿ 5.7 ಕೋಟಿಗೆ ಇಳಿದರು. ಬೀದರ ಕಡೆಯ ಆ ಮನೆಯಲ್ಲಿ ಮಾತ್ರ ಕೊನೆಗೆ ಎರಡೂ ಉಳಿದಿವೆ: ಅತ್ತೆಗೆ ಕೇಬಲ್ಲು, ಉಳಿದವರಿಗೆ ಓಟಿಟಿ. ಅಗ್ಗ ಯಾವುದೆಂದು ಹುಡುಕಹೊರಟವರು ಎರಡಕ್ಕೂ ಕಟ್ಟುತ್ತಿದ್ದಾರೆ.

*

ಒಂದು ಮಾತು ಬಗೆಹರಿಯುತ್ತಿಲ್ಲ. ಓಟಿಟಿ ದರಕ್ಕೆ ಟ್ರಾಯ್ ಮಿತಿ ಎಂಬುದೇ ಇಲ್ಲ. ಕೇಬಲ್ಲಿನ 130ರ ಮಿತಿಯನ್ನೂ 2024ರ ಜುಲೈಯಲ್ಲಿ ತೆಗೆದರು. ಹಾಗಾಗಿ 243 ರೂಪಾಯಿ 8 ಪೈಸೆಯ ನನ್ನ ಲೆಕ್ಕ ಕಾನೂನಿನ ಲೆಕ್ಕವಾಗಿ ಉಳಿದಿಲ್ಲ. ಈ ತಿಂಗಳು ಯಾವುದು ಅಗ್ಗ ಎಂದು ಹೇಳಬಹುದು. ಬರುವ ತಿಂಗಳದ್ದನ್ನು ಕೇಬಲ್ಲಿನವನ ಹತ್ತಿರವೇ ಕೇಳಬೇಕು. ಅವನೂ ಮೇಲಿನವರನ್ನು ಕೇಳಿ ಹೇಳುತ್ತಾನಂತೆ.