ಕಮಟು

ಗೋಕಾಕದಿಂದ ಘೋಡಗೇರಿಗೆ ಹೊರಟ ಮೇಷ್ಟ್ರ ತೊಡೆಯ ಮೇಲೆ ಅರ್ಧ ಕಿಲೋ ಕರದಂಟು ಇತ್ತು. ಬಸ್ಸು ಇಳಿಯುವಷ್ಟರಲ್ಲಿ ಎರಡು ತುಂಡು ಅವರ ಹೊಟ್ಟೆ ಸೇರಿದ್ದವು. ಅವ್ವ ಮೊದಲು ನೋಡಿದ್ದು ಪೊಟ್ಟಣದ ಕಾಗದವನ್ನು. ಜಿಡ್ಡಿನ ಕಲೆ ಎಷ್ಟು ಅಗಲವೋ ಅಂಗಡಿಯವನ ಕೈ ಅಷ್ಟು ಧಾರಾಳ ಎಂಬುದು ಅವಳ ಲೆಕ್ಕ. ಚೂರೊಂದನ್ನು ಬಾಯಿಗಿಟ್ಟುಕೊಂಡಳು.

"ತುಪ್ಪ ಹಳೇದೈತೋ ತಮ್ಮಾ. ಕಮಟ ಹತ್ತೇತಿ."

ವಿಜ್ಞಾನ ಕಲಿಸುವ ಮೇಷ್ಟ್ರಿಗೆ ಅದು ಗೊತ್ತೇ ಆಗಿರಲಿಲ್ಲ.

ಕರಿದ ಅಂಟೇ ಕರದಂಟು. ಮರದ ಅಂಟಿಗೆ ಹೇಳಿಕೊಳ್ಳುವ ರುಚಿಯಿಲ್ಲ. ಕಾದ ತುಪ್ಪಕ್ಕೆ ಬಿದ್ದಾಗ ಅರಳಿನಂತೆ ಉಬ್ಬಿ, ಬೆಲ್ಲ, ಕೊಬ್ಬರಿ, ಗೋಡಂಬಿ, ಉತ್ತತ್ತಿಗಳ ಸಹವಾಸದಲ್ಲಿ ದೊಡ್ಡದಾಗುತ್ತದೆ. ಬಾಣಂತಿಯರ ಉಂಡೆಗೂ ಇದೇ ಅಂಟು. ಇಷ್ಟೆಲ್ಲ ನಡೆಸುವ ತುಪ್ಪಕ್ಕೆ ಷಡ್ರಸಗಳಲ್ಲಿ ಮಾತ್ರ ಜಾಗವಿಲ್ಲ. ಆಯುರ್ವೇದ 'ಸ್ನಿಗ್ಧ' ಎಂದು ಅದನ್ನು ಗುಣಗಳ ಸಾಲಿಗೆ ಕಳಿಸಿತು. ಅರಿಸ್ಟಾಟಲ್ ಜಿಡ್ಡನ್ನೂ ರುಚಿಯೆಂದೇ ಎಣಿಸಿ ಸಿಹಿಯ ಪಕ್ಕದಲ್ಲಿ ಕೂರಿಸಿದ್ದ. ಆಮೇಲಿನ ವಿಜ್ಞಾನಿಗಳು ಬಹುಕಾಲ ಅದು ಬರೀ ನುಣುಪು, ವಾಸನೆ ಎಂದುಕೊಂಡಿದ್ದರು.

2005ರಲ್ಲಿ ಫ್ರಾನ್ಸಿನ ಫಿಲಿಪ್ ಬೆನಾರ್ ತಂಡ ಇಲಿಗಳ ಮೇಲೆ ಮಾಡಿದ ಪ್ರಯೋಗ ಬೇರೆ ಮಾತು ಹೇಳಿತು. ರುಚಿಮೊಗ್ಗಿನ ಜೀವಕೋಶಗಳ ಮೇಲೆ ಸಿಡಿ36 ಎಂಬ ಪ್ರೋಟೀನು ಇರುತ್ತದೆ. ಅದಿಲ್ಲದ ಇಲಿಗಳಿಗೆ ಜಿಡ್ಡಿನ ಮೇಲಿನ ಆಸೆಯೇ ಇರಲಿಲ್ಲ! ತುಪ್ಪವೆಂದರೆ ಬಹುಪಾಲು ಮೂರು ಮೂರು ಕೊಬ್ಬಿನಾಮ್ಲಗಳನ್ನು ಕಟ್ಟಿಟ್ಟ ಸಿವುಡುಗಳು. ಸಿಡಿ36 ಹಿಡಿಯುವುದು ಸಿವುಡನ್ನಲ್ಲ, ಬಿಡಿ ಆಮ್ಲವನ್ನು. ಇಲಿಯ ನಾಲಿಗೆಯ ಹಿಂಭಾಗದ ಗ್ರಂಥಿಗಳಿಂದ ಒಸರುವ ಲೈಪೇಸ್ ಆ ಕಟ್ಟು ಬಿಚ್ಚುತ್ತದೆ. ಮನುಷ್ಯರಲ್ಲಿ ಈ ಕೆಲಸ ತೀರಾ ಮಂದ. ಆಮ್ಲ ಅಂಟಿದೊಡನೆ ಜೀವಕೋಶದೊಳಗೆ ಕ್ಯಾಲ್ಸಿಯಂ ಏರಿ, ಸುದ್ದಿ ನರಕ್ಕೆ ಹೋಗುತ್ತದೆ.

ತಮಾಷೆ ಇರುವುದು ಮುಂದೆ. ಅಮೆರಿಕದ ರಿಚರ್ಡ್ ಮ್ಯಾಟಿಸ್ ತಂಡ ಜನರ ಮೂಗು ಮುಚ್ಚಿಸಿ ಬರೀ ಕೊಬ್ಬಿನಾಮ್ಲ ಕೊಟ್ಟಿತು. ಅದು ಬೇರೆಲ್ಲ ರುಚಿಗಳಿಗಿಂತ ಭಿನ್ನ ಎಂದು ಗುರುತಿಸಿದರು. ಆದರೆ ರುಚಿ ಕೆಟ್ಟದಾಗಿತ್ತು. 2015ರಲ್ಲಿ ತಂಡ ಆ ರುಚಿಗೆ 'ಓಲಿಯೋಗಸ್ಟಸ್' ಎಂಬ ಬಾಯಿಗೆ ಒಗ್ಗದ ಹೆಸರಿಟ್ಟಿತು. ಹಳೇ ತುಪ್ಪದಲ್ಲಿ ಆಗುವುದೂ ಅದೇ: ಡಬ್ಬಿಯೊಳಗೇ ಸಿವುಡು ಬಿಚ್ಚಿ ಆಮ್ಲಗಳು ಬಿಡಿಯಾಗಿರುತ್ತವೆ. ಅವ್ವನ 'ಕಮಟು' ಎಂಬ ಮೂರಕ್ಷರ ಓಲಿಯೋಗಸ್ಟಸ್‌ಗಿಂತ ಎಷ್ಟೋ ವಾಸಿ. ಅವಳ ತೀರ್ಪಿನಲ್ಲಿ ಮೂಗಿನ ಪಾಲೂ ದೊಡ್ಡದೇ, ಬಿಡಿ.

ನಾಲಿಗೆ ನಾಲಿಗೆಗೂ ವ್ಯತ್ಯಾಸವುಂಟು. 2012ರಲ್ಲಿ ಸೇಂಟ್ ಲೂಯಿಸ್‌ನ ವಿಜ್ಞಾನಿಗಳು ನೋಡಿದಂತೆ, ವಂಶವಾಹಿಯ ದೆಸೆಯಿಂದ ಸಿಡಿ36 ಹೆಚ್ಚು ತಯಾರಾಗುವವರು ಕಡಿಮೆ ಇರುವವರಿಗಿಂತ 8 ಪಟ್ಟು ಚುರುಕಾಗಿ ಕೊಬ್ಬನ್ನು ಗುರುತಿಸಿದರು. ಅವ್ವನಿಂದ ತನಗೆ ಬಂದದ್ದು ಬರೀ ಗುಂಗುರು ಕೂದಲೇನೋ ಎಂದು ಮೇಷ್ಟ್ರಿಗೆ ಅನುಮಾನ.

ಮುಂದಿನ ಸಲ ಅವರು ಬೇರೆ ಅಂಗಡಿಗೆ ಹೋದರು. ಚೂರು ಕೇಳಿ, ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ನಿಂತೇಬಿಟ್ಟರು. ಹಿಂದೆ ಗಿರಾಕಿಗಳ ಸಾಲು ಬೆಳೆಯಿತು.

"ಯಾಕ್ರೀ ಸರ, ಸಿಹಿ ಕಡಿಮಿ ಆತೇನ್ರಿ?" ಅಂದ ಅಂಗಡಿಯವ.