ಅಜ್ಜನಿಗೊಂದು ಚೆಸ್ ಮಶಿನ್

2024ರ ಡಿಸೆಂಬರ್‌ನಲ್ಲಿ ಗುಕೇಶ್ ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್ ಆದಾಗ ಅವರಿಗೆ ಬರೀ 18 ವರ್ಷ. ಅವತ್ತಿಂದ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರ ಫೋನಲ್ಲೂ ಚೆಸ್ ಆಪ್. ಹಾಗಿರುವಾಗ ನಾವು ಚೆಸ್ ಆಡೋಕೆ ಅಂತಾನೇ ಒಂದು ಎಲೆಕ್ಟ್ರಾನಿಕ್ ಮಶಿನ್ ಹುಡುಕ್ತಾ ಇದೀವಿ ಅಂದ್ರೆ ಯಾರು ನಗಲ್ಲ ಹೇಳಿ? "ಫೋನ್ ಇಲ್ವೇನ್ರೋ?" ಅಂತ ಕೇಳಿದವರೇ ಜಾಸ್ತಿ.

ನಾವು ಅಂದ್ರೆ ಐದು ಜನ ಮೊಮ್ಮಕ್ಕಳು. ಓದು, ಕೆಲಸ ಅಂತ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿಗೆ ಹಂಚಿಹೋದವರು. ಮಶಿನ್ ಬೇಕಾಗಿದ್ದು ಗೋಕಾಕ ಫಾಲ್ಸ್‌ನಲ್ಲಿರುವ ನಮ್ಮ ಅಜ್ಜನಿಗೆ. ಅಜ್ಜ ಅಲ್ಲಿಯ ಮಿಲ್‌ನ ಸ್ಪಿನ್ನಿಂಗ್ ಡಿಪಾರ್ಟ್‌ಮೆಂಟ್‌ನಲ್ಲಿ 31 ವರ್ಷ ದುಡಿದವ. ಶಿಫ್ಟ್ ಮುಗಿಸಿ ಬಂದರೆ ಒಬ್ಬ ಗೆಳೆಯನ ಜೊತೆ ಚದುರಂಗ. ರಿಟೈರ್ ಆದಮೇಲೂ ಅದೇ ಕಟ್ಟೆ, ಅದೇ ಜೋಡಿ. ಹೋದ ವರ್ಷ ಆ ಗೆಳೆಯ ತೀರಿಕೊಂಡರು. "ಆಡೂದು ಬಿಟ್ಟೇನಿ ತಮ್ಮಾ. ಇನ್ನ ಯಾರ ಜೋಡಿ ಆಡ್ಲಿ?" ಅಂದ ಅಜ್ಜ. ಬೋರ್ಡು ಅಟ್ಟ ಸೇರಿತು. ಅಜ್ಜ ಸಂಜೆ ಹೊರಗೆ ಕೂರೋದೂ ನಿಂತಿತು.

ಫೋನ್ ಯಾಕಾಗಲ್ಲ ಅಂದ್ರೆ, ಅಜ್ಜನ ಬೆರಳು ಸ್ವಲ್ಪ ನಡುಗುತ್ತೆ. ಟಚ್ ಸ್ಕ್ರೀನ್ ಮೇಲೆ ಕುದುರೆ ಒತ್ತಿದರೆ ಒಂಟೆ ಸೆಲೆಕ್ಟ್ ಆಗುತ್ತೆ. ಆಟದ ಮಧ್ಯೆ ಕಾಲ್ ಬರುತ್ತೆ, ಜಾಹೀರಾತು ಬರುತ್ತೆ. ಎಲ್ಲಕ್ಕಿಂತ ಮುಖ್ಯ, ಕಾಯಿ ಕೈಯಲ್ಲಿ ಹಿಡೀದೆ ಅಜ್ಜನಿಗೆ ಯೋಚನೇನೇ ಓಡಲ್ಲ.

ತಲಾ 1,200 ರೂಪಾಯಿ ಹಾಕಿ 6,000 ಕೂಡಿಸಿದೆವು. ಮೊದಲು ನೋಡಿದ್ದು ಎಲ್ಲರ ಹಾಗೆ "ಎಷ್ಟು ಸ್ಟ್ರಾಂಗ್" ಅಂತ. ಆಮೇಲೆ ಅನ್ನಿಸ್ತು, ಅದು ಪ್ರಶ್ನೆಯೇ ಅಲ್ಲ. 1997ರಲ್ಲೇ ಡೀಪ್ ಬ್ಲೂ ಕ್ಯಾಸ್ಪರೋವ್‌ರನ್ನು ಸೋಲಿಸಿ ಆ ಚರ್ಚೆ ಮುಗಿಸಿದೆ. ನಮ್ಮಂಥವರಿಗೆ ಬೇಕಾಗಿದ್ದು ಮಶಿನ್ ಎಷ್ಟು ಚೆನ್ನಾಗಿ ಸೋಲುತ್ತೆ ಅನ್ನೋದು.

ಇದರ ಹಿಂದೆ ಒಂದು ಲೆಕ್ಕ ಇದೆ. ಆಟದ ಮಧ್ಯದಲ್ಲಿ ಒಬ್ಬರಿಗೆ ಸರಾಸರಿ ಸುಮಾರು 35 ನಡೆ ಸಾಧ್ಯ. ಎರಡು ನಡೆ ಮುಂದೆ ನೋಡಿದರೆ 1,225 ದಾರಿ, ನಾಲ್ಕು ನಡೆ ನೋಡಿದರೆ 15 ಲಕ್ಷ. ಮಶಿನ್ ಎಷ್ಟು ಆಳಕ್ಕೆ ಹುಡುಕುತ್ತೆ ಅನ್ನೋದನ್ನು ಕಮ್ಮಿ ಮಾಡಿದರೆ ಅದು ನಮ್ಮ ಹಾಗೇ ಆಡುತ್ತೆ, ಸ್ವಲ್ಪ ದೂರದ ಬಲೆ ಅದಕ್ಕೆ ಕಾಣಲ್ಲ. ಇನ್ನು ಕೆಲವು ಪ್ರೋಗ್ರಾಂಗಳು ಆಳವನ್ನು ಹಾಗೇ ಇಟ್ಟು ನಡುನಡುವೆ ಬೇಕಂತಲೇ ಒಂದು ಕೆಟ್ಟ ನಡೆ ಹಾಕ್ತವೆ. ಹತ್ತು ನಡೆ ಪಂಡಿತನ ಹಾಗೆ ಆಡಿ, ಹನ್ನೊಂದನೇದಕ್ಕೆ ಸುಮ್ಮನೆ ರಾಣಿಯನ್ನು ಕೊಟ್ಟುಬಿಡುತ್ತೆ. ಅಂಥಾ ಗೆಲುವು ಭಿಕ್ಷೆ ಹಾಕಿದಂಗೆ. ಕೊಳ್ಳೋ ಮುಂಚೆ ಅತಿ ಕೆಳಗಿನ ಲೆವೆಲ್‌ನಲ್ಲಿ ಒಂದು ಆಟ ಆಡಿ ನೋಡಿ, ಗೊತ್ತಾಗುತ್ತೆ. 1977ರಲ್ಲಿ ಬಂದ ಫಿಡೆಲಿಟಿ ಚೆಸ್ ಚಾಲೆಂಜರ್ ಮನೆಮನೆಗೆ ಹೋದ ಮೊದಲ ಚೆಸ್ ಕಂಪ್ಯೂಟರ್. ಅದರೊಳಗೆ 8080 ಪ್ರೊಸೆಸರ್ ಇತ್ತು. ನಮ್ಮ ಲ್ಯಾಬ್‌ನ 8085 ಇದೆಯಲ್ಲ, ಅದರ ಅಣ್ಣ! ಮೊದಲ ಮಾಡೆಲ್‌ನಲ್ಲಿ ಇದ್ದಿದ್ದು ಒಂದೇ ಲೆವೆಲ್, ಮುಂದಿನದರಲ್ಲಿ ಮೂರು. ಅಂದರೆ ಲೆವೆಲ್ ಬೇಕು ಅಂತ ಆಗಲೇ ಅರ್ಥ ಆಗಿತ್ತು.

ಎರಡನೇದು, ಬೋರ್ಡ್ ಎಂಥದ್ದು. ಮುಂಬೈನವರು ಮಾಡಿದ ಸ್ಕ್ವೇರ್ ಆಫ್‌ನಲ್ಲಿ ಕೆಳಗಿರುವ ಮ್ಯಾಗ್ನೆಟ್ ಕಾಯಿಗಳನ್ನು ತಾನೇ ಎಳೆದು ನಡೆಸುತ್ತೆ. ನೋಡೋಕೆ ಮಾಯಾಜಾಲ, ಆದರೆ ಅದನ್ನ ನಡೆಸೋಕೆ ಮತ್ತೆ ಫೋನ್ ಬೇಕು. ಡಿಜಿಟಿ ಸೆಂಟಾರ್‌ಗೆ ಫೋನ್ ಬೇಡ, ಎದುರಾಳಿಯ ಮಟ್ಟಕ್ಕೆ ತಾನೇ ಹೊಂದಿಕೊಳ್ಳುತ್ತೆ. ಆದರೆ ದೊಡ್ಡದು, ನಮ್ಮ ಬಜೆಟ್ ಅದರ ಹತ್ತಿರಕ್ಕೂ ಹೋಗಲ್ಲ. ಬರೀ ಎಲ್‌ಸಿಡಿ ಪರದೆಯ ಅಂಗೈ ಗಾತ್ರದವು ಅಗ್ಗ, ಆದರೆ ಅಜ್ಜನ ಕನ್ನಡಕಕ್ಕೆ ಅವು ಕಾಣಲ್ಲ. ತೂತಿಗೆ ಸಿಗಿಸೋ ಕಾಯಿಗಳು ಬಸ್ಸಿಗೆ ಒಳ್ಳೇವು, ನಡುಗೋ ಬೆರಳಿಗಲ್ಲ.

ಕೊನೆಗೆ ತಗೊಂಡಿದ್ದು ಒತ್ತಿ ಆಡುವ ಚಿಕ್ಕ ಬೋರ್ಡು, ಮ್ಯಾಗ್ನೆಟ್ ಕಾಯಿಗಳು. ಕಾಯಿಯನ್ನು ಇದ್ದ ಮನೆಯಲ್ಲಿ ಒಮ್ಮೆ ಒತ್ತಬೇಕು, ಹೋಗುವ ಮನೆಯಲ್ಲಿ ಇನ್ನೊಮ್ಮೆ. ಒಳಗಿರೋದು ನಮ್ಮ ಮ್ಯಾಟ್ರಿಕ್ಸ್ ಕೀಪ್ಯಾಡೇ: 64 ಮನೆಗೆ 8 ಅಡ್ಡ, 8 ಉದ್ದ, ಒಟ್ಟು 16 ತಂತಿ. ಮಶಿನ್ ತನ್ನ ನಡೆಯನ್ನು ಅಂಚಿನ ದೀಪದಲ್ಲಿ ತೋರಿಸುತ್ತೆ. ಅದೇ ನಮಗೆ ಬೇಕಾಗಿತ್ತು, ಯಾಕಂದ್ರೆ ಮಿಲ್‌ನ ಸದ್ದಿನಲ್ಲಿ ಅಜ್ಜನ ಕಿವಿ ಅರ್ಧ ಹೋಗಿದೆ. ಮಳೆಗಾಲದಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವಾಗ ಆ ಬೀಪ್ ಸದ್ದು ನಮಗೇ ಕೇಳಲ್ಲ. ಮೂರು ಪೆನ್ಸಿಲ್ ಸೆಲ್ ಸಾಕು, ಕಿರಾಣಿ ಅಂಗಡೀಲಿ ಸಿಗುತ್ತೆ. ಕರೆಂಟ್ ಹೋದರೂ ಚಿಂತೆ ಇಲ್ಲ.

ಮೂರನೇದನ್ನು ಯಾವ ರಿವ್ಯೂನಲ್ಲೂ ನಾವು ಓದಿಲ್ಲ. ಅಜ್ಜನ ಚದುರಂಗವೇ ಬೇರೆ. ಪ್ಯಾದೆ ಮೊದಲ ಸಲವೂ ಒಂದೇ ಮನೆ ಹೋಗುತ್ತೆ. ಕ್ಯಾಸ್ಲಿಂಗ್ ಇಲ್ಲ. ಅದರ ಬದಲು ರಾಜ, ಚೆಕ್ ಬೀಳದಿದ್ದರೆ, ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆ ಹಾಗೆ ಜಿಗಿಯಬಹುದು. ನಮ್ಮ ದೇಶದ ಹಳೇ ಪದ್ಧತಿಯ ಆಟಗಳಲ್ಲಿ ಇದು ಸಾಮಾನ್ಯ. ಆಟ ಇಲ್ಲಿಂದ ಪರ್ಷಿಯಾ, ಅರಬರ ನಾಡು ದಾಟಿ ಯುರೋಪಿಗೆ ಹೋದಮೇಲೆ ಪ್ಯಾದೆಯ ಎರಡು ಹೆಜ್ಜೆ, ಕ್ಯಾಸ್ಲಿಂಗ್ ಎಲ್ಲ ಸೇರಿದ್ದು. ಮಶಿನ್‌ಗಳಿಗೆ ಗೊತ್ತಿರೋದು ಆ ಯುರೋಪಿನ ಆಟ ಮಾತ್ರ. ನಮಗೆಲ್ಲ ಚದುರಂಗ ಕಲಿಸಿದ್ದು ಅಜ್ಜನೇ ಆದ್ದರಿಂದ ಇದು ಮೊದಲೇ ಗೊತ್ತಿತ್ತು. ಅದಕ್ಕೇ ನಮ್ಮ ಕೊನೆಯ ಷರತ್ತು ಇದು: ಸ್ವಿಚ್ ಆಫ್ ಮಾಡಿದಮೇಲೂ ಅದು ಒಂದು ಸರಿಯಾದ ಚದುರಂಗದ ಹಾಸಾಗಿ ಉಳೀಬೇಕು.

ಜನವರಿಯಲ್ಲಿ ಕೊಟ್ಟು ಬಂದೆವು. ಮೊದಲ ದಿನ ಅಜ್ಜ ರಾಜನನ್ನು ಜಿಗಿಸಿದ, ಮಶಿನ್ ಕೆಂಪು ದೀಪ ಹಚ್ಚಿ ಒಪ್ಪಲಿಲ್ಲ. "ಇದಕ್ಕ ಸಾಲಿ ಕಲಿಸ್ದವ್ರು ಅರ್ಧಾ ಅಷ್ಟ ಕಲಿಸ್ಯಾರ" ಅಂತ ನಕ್ಕ. ಆದರೂ ಮಶಿನ್ ಹೇಳಿದ ಹಾಗೇ ಆಡಿದ, ಎರಡನೇ ಲೆವೆಲ್‌ನಲ್ಲಿ ಸೋತ, ಮೂರು ದಿನ ಬಿಟ್ಟು ಗೆದ್ದ.

ಈಗ ಸಂಜೆ ಅದನ್ನು ಹೊರಗೆ ಕಟ್ಟೆ ಮೇಲೆ ತಂದಿಡ್ತಾನಂತೆ. ಮಿನುಗೋ ದೀಪ ನೋಡೋಕೆ ಬಂದ ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗ ದಿನಾ ಬರೋಕೆ ಶುರು ಮಾಡಿದಾನೆ. ಮೊನ್ನೆ ಫೋನ್ ಮಾಡಿ, "ಅಜ್ಜಾ, ಸೆಲ್ ಬದಲಿ ಮಾಡಿದೇನು?" ಅಂತ ಕೇಳಿದೆವು. ಆರು ತಿಂಗಳಾಯ್ತು, ಇನ್ನೂ ನಾವು ಹಾಕಿಕೊಟ್ಟ ಸೆಲ್ಲೇ ನಡೀತಿದಾವೆ.